ನಿಮ್ಮ ಹೊಲದ ಮಣ್ಣು ಯಾವ್ದು, ಅದರಲ್ಲಿ ಏನು ಬೆಳೀಬಹುದು: ಗುಂಡಿ ತೋಡೋದ್ರಿಂದ ಬೆಳೆ ಆರಿಸೋವರೆಗೆ

ಹೊಸದಾಗಿ ಜಮೀನು ತಗೊಂಡೋರು, ಬೆಂಗಳೂರು ಬಿಟ್ಟು ಊರಿಗೆ ಬಂದು ಅಪ್ಪನ ಹೊಲ ಕೈಗೆತ್ತಿಕೊಂಡೋರು, ಎಲ್ಲರೂ ಮೊದಲು ಕೇಳೋದು ಒಂದೇ, "ಈಗ ಯಾವ್ದಕ್ಕೆ ರೇಟ್ ಇದೆ?" ಅಡಿಕೆಗೆ ರೇಟ್ ಬಂದ್ರೆ ಅಡಿಕೆ, ದಾಳಿಂಬೆಗೆ ಬಂದ್ರೆ ದಾಳಿಂಬೆ, ಯೂಟ್ಯೂಬಲ್ಲಿ ಯಾರೋ ಡ್ರ್ಯಾಗನ್ ಫ್ರೂಟ್ ತೋರಿಸಿದ್ರೆ ಅದು. ಮಣ್ಣಿನ ಸುದ್ದಿ ಬರೋದು ಸಸಿ ಹಳದಿ ತಿರುಗಿದ ಮೇಲೆ, ಅಷ್ಟೊತ್ತಿಗೆ ಎರಡು ವರ್ಷದ ದುಡ್ಡು ನೆಲದಲ್ಲಿ ಹೋಗಿರತ್ತೆ.

ಅದಕ್ಕೇ ಇಲ್ಲಿ ಮಣ್ಣಿಂದ ಶುರು ಮಾಡಿ ಬೆಳೆಗೆ ಬರೋಣ. ಎಲ್ಲಾ ಉದಾಹರಣೆನೂ ನಮ್ಮ ಕರ್ನಾಟಕದ್ದೇ. ಶಾಲೆಯಲ್ಲಿ ಓದಿರ್ತೀವಲ್ಲ, ಕಪ್ಪು ಮಣ್ಣು ಹತ್ತಿಗೆ, ಕೆಂಪು ಮಣ್ಣು ರಾಗಿಗೆ ಅಂತ, ಅದು ಸುಳ್ಳೇನಲ್ಲ ಆದ್ರೆ ಅರ್ಧ ಮಾತ್ರ. ಬಣ್ಣ ನೋಡಿದ್ರೆ ಒಂದು ಸುಳಿವು ಸಿಗತ್ತೆ ಅಷ್ಟೇ. ಬೆಳೆ ಬರತ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ಬೇರೆ ನಾಲ್ಕು: ಆಳ ಎಷ್ಟಿದೆ, ನೀರು ಬಸಿದು ಹೋಗತ್ತಾ, ಸುಣ್ಣ ಇದೆಯಾ, ಉಪ್ಪು ಇದೆಯಾ. ಈ ನಾಲ್ಕನ್ನ ಮನೆಯಲ್ಲೇ ಹೆಚ್ಚುಕಮ್ಮಿ ಕಂಡುಹಿಡೀಬಹುದು, ಖರ್ಚು ಅಂದ್ರೆ ಒಂದು ಸಲಿಕೆ, ಒಂದು ಬಾಟಲಿ, ಸ್ವಲ್ಪ ವಿನೆಗರ್.

ಸ್ಟೆಪ್ 1: ಊರಿನವರು ಆ ನೆಲಕ್ಕೆ ಏನಂತಾರೆ ಕೇಳಿ

ಲ್ಯಾಬಿಗೆ ಹೋಗೋ ಮುಂಚೆ ಪಕ್ಕದ ಹೊಲದ ಅಜ್ಜನ್ನ ಮಾತಾಡ್ಸಿ. ಗದಗ, ಧಾರವಾಡ, ಕೊಪ್ಪಳದ ಕಡೆ ನೆಲನ ಎರಡೇ ಮಾತಲ್ಲಿ ಹೇಳಿಬಿಡ್ತಾರೆ, ಎರೆ ಅಥವಾ ಮಸಾರಿ. ಎರೆ ಅಂದ್ರೆ ಕಪ್ಪು ಜಿಗುಟು ನೆಲ, ಮಸಾರಿ ಅಂದ್ರೆ ಕೆಂಪು ಹಗುರ ನೆಲ. ಮಂಗಳೂರು, ಉಡುಪಿ ಕಡೆ ಬಣ್ಣಕ್ಕಿಂತ ಎತ್ತರ ನೋಡಿ ಹೆಸರಿಡ್ತಾರೆ: ತಗ್ಗಿನಲ್ಲಿ ನೀರು ನಿಲ್ಲೋದು ಬೈಲು, ಮಧ್ಯದ್ದು ಮಜಲು, ಮೇಲಿನದ್ದು ಬೆಟ್ಟು. ಇನ್ನು ಸವಳು, ಚೌಳು ಅನ್ನೋ ಮಾತು ಕಿವಿಗೆ ಬಿತ್ತು ಅಂದ್ರೆ ಉಪ್ಪಿನ ಸಮಸ್ಯೆ ಇದೆ ಅಂತ ಅರ್ಥ, ಅಲ್ಲಿ ರಿಜಿಸ್ಟ್ರೇಷನ್ ಆಗೋ ಮುಂಚೆನೇ ಸ್ವಲ್ಪ ನಿಂತು ಯೋಚನೆ ಮಾಡಿ.

ಒಂದು ಪ್ರಶ್ನೆ ತಪ್ಪದೇ ಕೇಳಿ, "ಜೋರು ಮಳೆ ಬಂದ್ರೆ ಎಷ್ಟು ದಿನಕ್ಕೆ ಹೊಲದೊಳಗೆ ಕಾಲಿಡಬಹುದು?" ಮಾರನೇ ದಿನವೇ ಅಂದ್ರೆ ಹಗುರ ನೆಲ. ನಾಲ್ಕೈದು ದಿನ ಬೇಕು ಅಂದ್ರೆ ಗಟ್ಟಿ ಎರೆ.

ಸ್ಟೆಪ್ 2: ಗುಂಡಿ ತೋಡಿ

ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ, ನನ್ನ ಪ್ರಕಾರ ಬಾಕಿ ಎಲ್ಲಾ ಸ್ಟೆಪ್ ಬಿಟ್ಟರೂ ಇದನ್ನ ಬಿಡಬಾರದು. ಹೊಲದ ಬೆಳೆಗಾದ್ರೆ 3 ಅಡಿ, ತೋಟ ಮಾಡೋದಾದ್ರೆ 5 ಅಡಿ ಆಳ. ಜೆಸಿಬಿ ಹೇಗೂ ಬೇರೆ ಕೆಲಸಕ್ಕೆ ಬಂದಿರತ್ತಲ್ಲ, ಅವತ್ತೇ ಹೊಲದ ಮೇಲ್ಗಡೆ ಒಂದು, ತಗ್ಗಿನ ಕಡೆ ಒಂದು ತೆಗೆಸಿ. ಬಿಸಿಲು ಬೀಳೋ ಕಡೆಯ ಗೋಡೆನ ಚಾಕು ಇಲ್ಲಾ ಕುಡುಗೋಲಲ್ಲಿ ಸ್ವಲ್ಪ ಕೆರೆದು ನೋಡಿ.

ಮೊದಲು ಬೇರು ಎಲ್ಲಿವರೆಗೆ ಇಳಿದಿದೆ ನೋಡಿ. ಒಂದು ಅಡಿಗೆ ಬೇರು ಅಡ್ಡ ತಿರುಗಿದ್ರೆ ಅಲ್ಲಿ ಗಟ್ಟಿ ಪದರ ಇದೆ, ವರ್ಷಾನುಗಟ್ಟಲೆ ಒಂದೇ ಆಳಕ್ಕೆ ಟ್ರ್ಯಾಕ್ಟರ್ ಹೊಡೆದ್ರೂ ಹಾಗಾಗತ್ತೆ. ಆಮೇಲೆ ಗರಸು (ಕಲ್ಲಿನ ಚೂರು ತುಂಬಿದ ಗಟ್ಟಿ ಮಣ್ಣು) ಅಥವಾ ಬಂಡೆ ಎಷ್ಟಕ್ಕೆ ಸಿಗತ್ತೆ ನೋಡಿ. ಮಣ್ಣು ಅರ್ಧ ಮೀಟರಿಗಿಂತ ಕಮ್ಮಿ ಇದ್ರೆ ತೆಳು ನೆಲ, ಒಂದು ಮೀಟರ್ ದಾಟಿದ್ರೆ ಆಳದ ನೆಲ. ಎರೆಯಲ್ಲಾದ್ರೆ ಬಿಳಿ ಸುಣ್ಣದ ಹರಳುಗಳು ಎಲ್ಲಿಂದ ಶುರುವಾಗ್ತವೆ ಅಂತ ಅಳತೆ ಮಾಡಿ. ಕೆಳಗಡೆ ಮಣ್ಣು ಬೂದು ಬಣ್ಣಕ್ಕೆ ತಿರುಗಿ ನಡುನಡುವೆ ತುಕ್ಕಿನ ಚುಕ್ಕಿ ಇದ್ರೆ ಅಲ್ಲಿ ವರ್ಷದಲ್ಲಿ ಕೆಲವು ತಿಂಗಳು ನೀರು ನಿಲ್ಲತ್ತೆ ಅಂತ ಲೆಕ್ಕ, ನೀವು ಬೇಸಿಗೆಯಲ್ಲಿ ಹೋಗಿ ನೋಡಿದಾಗ ಒಣಗಿದ್ರೂ ಆ ಚುಕ್ಕಿ ಸುಳ್ಳು ಹೇಳಲ್ಲ.

ಎರಡು ಗುಂಡಿ ಯಾಕೆ ಅಂದ್ರೆ, ಒಂದೇ ಸರ್ವೆ ನಂಬರಲ್ಲಿ ಮೇಲೆ ಗರಸು ಕೆಳಗೆ ಗೋಡು (ಮರಳು, ಹೂಳು, ಜೇಡಿ ಹದವಾಗಿ ಸೇರಿದ ಮಣ್ಣು) ಇರೋದು ನಮ್ಮಲ್ಲಿ ಮಾಮೂಲು. ಬೋರ್ಡ್ ಮೇಲೆ "4 ಎಕರೆ ಫಲವತ್ತಾದ ಭೂಮಿ" ಅಂತ ಬರೆದಿದ್ರೂ ಕೃಷಿ ಲೆಕ್ಕದಲ್ಲಿ ಅದು ಎರಡು ಬೇರೆ ಹೊಲ.

ಸ್ಟೆಪ್ 3: ಕೈಯಲ್ಲಿ ಹಿಡಿದು ನೋಡಿ, ಬಾಟಲಿಯಲ್ಲಿ ಹಾಕಿ ನೋಡಿ

ಒಂದು ಹಿಡಿ ಮಣ್ಣು ತಗೊಂಡು ಕಲ್ಲು, ಬೇರು ತೆಗೆದು ಸ್ವಲ್ಪ ಸ್ವಲ್ಪನೇ ನೀರು ಹಾಕ್ತಾ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಉಂಡೆನೇ ಆಗದೆ ಉದುರಿದ್ರೆ ಮರಳು. ಉಂಡೆ ಆಗಿ, ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿ ಪಟ್ಟಿ ತೆಗೆದಾಗ ಒಂದು ಇಂಚಿಗೇ ಮುರಿದ್ರೆ ಗೋಡು, ಬಹುಪಾಲು ಬೆಳೆಗೆ ಒಳ್ಳೇದು. ಎರಡು ಇಂಚು ದಾಟಿ ಮುರಿಯದೆ ಜೋತು ಬಿದ್ರೆ ಜೇಡಿ. ವಿಜಯಪುರದ ಗಟ್ಟಿ ಎರೆ ಹಿಡಿದು ನೋಡಿ, ಪಟ್ಟಿ ಎಳೆದಷ್ಟೂ ಬರತ್ತೆ, ಆಮೇಲೆ ಕೈ ತೊಳ್ಕೊಳ್ಳೋದೇ ಒಂದು ಕೆಲಸ.

ಬಾಟಲಿ ಟೆಸ್ಟ್ ಕೂಡ ಸುಲಭ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಾಡಿದ ಮಣ್ಣು, ಬಾಕಿ ನೀರು, ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಚೆನ್ನಾಗಿ ಕುಲುಕಿ ಅಲ್ಲಾಡದ ಜಾಗದಲ್ಲಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂರೋದು ಮರಳು, ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರೋದು ನವಿರು ಹೂಳು, ಜೇಡಿ ಕೂರೋಕೆ ಒಂದು ದಿನ ಅಥವಾ ಇನ್ನೂ ಜಾಸ್ತಿ ಬೇಕು. ಸ್ಕೇಲ್ ಇಟ್ಟು ಪದರ ಅಳೆದ್ರೆ ಯಾವ್ದು ಎಷ್ಟು ಪಾಲು ಅಂತ ಗೊತ್ತಾಗತ್ತೆ.

ಸ್ಟೆಪ್ 4: ನೀರು, ಸುಣ್ಣ, ಉಪ್ಪು

ನೀರಿಗೆ: ಒಂದು ಅಡಿ ಆಳ ಒಂದು ಅಡಿ ಅಗಲದ ಗುಂಡಿ ಮಾಡಿ ನೀರು ತುಂಬಿ, ಅದು ಇಂಗಿದ ಮೇಲೆ ಇನ್ನೊಂದ್ಸಲ ತುಂಬಿ. ಲೆಕ್ಕಕ್ಕೆ ಬರೋದು ಎರಡನೇ ಸಲದ್ದು, ಮೊದಲನೇದನ್ನ ಒಣ ಮಣ್ಣು ಕುಡಿದುಬಿಡತ್ತೆ. ಸಾಯಂಕಾಲ ತುಂಬಿದ ನೀರು ಬೆಳಿಗ್ಗೆನೂ ನಿಂತಿದ್ರೆ ಆ ಜಾಗದಲ್ಲಿ ಪಪ್ಪಾಯ, ದಾಳಿಂಬೆ, ಶುಂಠಿ ಅಂತ ಆಸೆ ಇಟ್ಕೋಬೇಡಿ, ಬೇರು ಕೊಳೆಯತ್ತೆ.

ಸುಣ್ಣಕ್ಕೆ: ಒಣ ಮಣ್ಣಿನ ಮೇಲೆ ವಿನೆಗರ್ ಹಾಕಿ, ನೊರೆ ಬಂದು ಚುಯ್ ಅಂದ್ರೆ ಸುಣ್ಣ ಇದೆ. ಗುಂಡಿಯ ಬೇರೆ ಬೇರೆ ಆಳದ ಮಣ್ಣಿಗೂ ಹಾಕಿ ನೋಡಿ.

ಉಪ್ಪಿಗೆ: ಕಡಲೆ ಗಾತ್ರದ ಒಣ ಹೆಂಟೆನ ಒಂದು ಲೋಟ ಮಳೆನೀರು ಇಲ್ಲಾ ಆರ್‌ಓ ನೀರಲ್ಲಿ ಬಿಟ್ಟು ಕೆದಕದೆ ಬಿಡಿ (ಬೋರ್ ನೀರು ಬೇಡ, ಅದರಲ್ಲಿರೋ ಲವಣಕ್ಕೆ ಟೆಸ್ಟೇ ತಪ್ಪಾಗತ್ತೆ). ಹೆಂಟೆ ಕುಸಿದು ಪುಡಿಯಾದ್ರೂ ನೀರು ತಿಳಿಯಾಗಿದ್ರೆ ಸೋಡಿಯಂ ಭಯ ಇಲ್ಲ. ಸುತ್ತ ಹಾಲಿನ ಥರ ಬಿಳಿ ಮೋಡ ಹರಡ್ತಾ ಹೋದ್ರೆ ಸೋಡಿಯಂ ಜಾಸ್ತಿ, ಕ್ಷಾರ ನೆಲ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪಿನ ಪುಡಿ ಕಾಣಿಸ್ಕೊಂಡ್ರೆ ಅದು ಬೇರೆ ಕಾಯಿಲೆ, ಔಷಧಿನೂ ಬೇರೆ, ಕೆಳಗೆ ಬರ್ತೀನಿ.

ಸ್ಟೆಪ್ 5: ಲ್ಯಾಬಿಗೆ ಕಳಿಸಿ, ಆದ್ರೆ ಮಣ್ಣು ಸರಿಯಾಗಿ ತೆಗೀರಿ

ಮಣ್ಣು ಪರೀಕ್ಷೆ ರಿಪೋರ್ಟ್ ಸರಿ ಇಲ್ಲ ಅಂತ ಬೈಯೋರು ಸಾಕಷ್ಟು ಜನ, ಬಹಳ ಸಲ ತಪ್ಪು ಸ್ಯಾಂಪಲ್ ತೆಗೆದಿದ್ರಲ್ಲೇ ಇರತ್ತೆ. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ, ಈಚೆಗೆ ಗೊಬ್ಬರ ಹಾಕಿದ ಜಾಗ ಬಿಡಿ. ಹೊಲದಲ್ಲಿ ಅಡ್ಡಾದಿಡ್ಡಿ ನಡೀತಾ 10-15 ಕಡೆ ಮೇಲಿನ ಕಸ ಸರಿಸಿ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಗುಂಡಿ ಮಾಡಿ, ಅದರ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪ ಚಕ್ಕೆ ತೆಗೀಬೇಕು. ಎಲ್ಲಾ ಕಲೆಸಿ ನಾಲ್ಕು ಪಾಲು ಮಾಡಿ ಎದುರುಬದುರು ಎರಡು ಪಾಲು ಬಿಸಾಕಿ, ಮತ್ತೆ ಕಲೆಸಿ ಮತ್ತೆ ಹಾಗೇ ಮಾಡಿ, ಅರ್ಧ ಕೆಜಿ ಉಳಿಯೋ ತನಕ. ನೆರಳಲ್ಲಿ ಒಣಗ್ಸಿ, ಹೊಸ ಬಟ್ಟೆ ಚೀಲ ಇಲ್ಲಾ ಪ್ಲಾಸ್ಟಿಕ್ ಕವರಿಗೆ ಹಾಕಿ. ಯೂರಿಯಾ ಚೀಲದಲ್ಲಿ ತುಂಬಿಕೊಂಡು ಹೋದ್ರೆ ಟೆಸ್ಟ್ ಆಗೋದು ಯೂರಿಯಾ. ತೋಟಕ್ಕಾದ್ರೆ 0-30, 30-60, 60-90 ಸೆಂಟಿಮೀಟರ್ ಅಂತ ಮೂರು ಆಳದ್ದು ಬೇರೆ ಬೇರೆ ಕೊಡಿ.

ರೈತ ಸಂಪರ್ಕ ಕೇಂದ್ರ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರತ್ತೆ. ಒಂದು ವಿಷಯ ಗಮನದಲ್ಲಿರಲಿ, ಆ ಸ್ಕೀಮಲ್ಲಿ ಸ್ಯಾಂಪಲ್ ತೆಗೆದಿದ್ದು ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದರಂತೆ, ಅಂದ್ರೆ ನಿಮ್ಮ ಹೆಸರಿನ ಕಾರ್ಡಿನಲ್ಲಿರೋದು ಪಕ್ಕದವರ ಹೊಲದ ಮಣ್ಣಿನ ನಂಬರ್ ಆಗಿರಬಹುದು. ತೋಟಕ್ಕೆ ಲಕ್ಷಗಟ್ಟಲೆ ಹಾಕೋರು ಸ್ವಂತ ಸ್ಯಾಂಪಲ್ಲೇ ಕೊಡಿ.

ರಿಪೋರ್ಟ್ ಬಂದ್ಮೇಲೆ ಮೊದಲು ಮೂರು ನೋಡಿ. ಪಿಎಚ್: ಇದು ಮಣ್ಣಿನ ಹುಳಿ-ಕ್ಷಾರದ ಅಳತೆ, 6.5ರಿಂದ 7.5 ಇದ್ರೆ ಆರಾಮ, ಅದಕ್ಕಿಂತ ಕಮ್ಮಿ ಅಂದ್ರೆ ಹುಳಿ ಮಣ್ಣು, 8.5 ದಾಟಿದ್ರೆ ಕ್ಷಾರದ ಅನುಮಾನ. ಇಸಿ: ಇದು ಉಪ್ಪಿನ ಅಳತೆ, ನಮ್ಮ ಲ್ಯಾಬುಗಳ ಮಾಮೂಲಿ ಟೆಸ್ಟಲ್ಲಿ 1ರ ಒಳಗಿದ್ರೆ ತೊಂದ್ರೆ ಇಲ್ಲ. ಸಾವಯವ ಇಂಗಾಲ: 0.5 ಪರ್ಸೆಂಟಿಗಿಂತ ಕೆಳಗೆ ಕಮ್ಮಿ, 0.75ರ ಮೇಲೆ ಒಳ್ಳೇದು. ಜೊತೆಗೆ ಸತು, ಬೋರಾನ್, ಗಂಧಕ ನೋಡಿ. 2009ರಲ್ಲಿ ಇಕ್ರಿಸ್ಯಾಟ್ ಅನ್ನೋ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಜೊತೆ ಸೇರಿ ನಮ್ಮ ಸರ್ಕಾರ ಶುರು ಮಾಡಿದ ಭೂಚೇತನ ಯೋಜನೆಯಲ್ಲಿ ಎದ್ದು ಕಂಡಿದ್ದು ಈ ಮೂರರ ಕೊರತೆನೇ, ನಾವು ಮಾತ್ರ ಯೂರಿಯಾ, ಡಿಎಪಿ ಬಿಟ್ಟು ಬೇರೆ ಚೀಲದ ಕಡೆ ನೋಡಲ್ಲ.

ಸ್ಟೆಪ್ 6: ಈಗ ಬೆಳೆ

ಎರೆ ನೆಲ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಧಾರವಾಡ, ಬಳ್ಳಾರಿ. ಮಾರ್ಚ್ ಏಪ್ರಿಲಲ್ಲಿ ನವಲಗುಂದ, ರೋಣದ ಕಡೆ ಹೊಲಕ್ಕೆ ಇಳಿದು ನೋಡಿ, ನೆಲ ಬಿರಿದು ಕೈ ಒಳಗೆ ಹೋಗೋವಷ್ಟು ಸೀಳು, ಮೇಲಿನ ಪುಡಿ ಮಣ್ಣು ಆ ಸೀಳೊಳಗೆ ಉದುರ್ತಾ ಇರತ್ತೆ. ಮಳೆ ಬಂದ್ರೆ ಅದೇ ಮಣ್ಣು ಉಬ್ಬಿ ಸೀಳು ಮುಚ್ಚಿಕೊಳ್ಳತ್ತೆ. ನೀರು ಹಿಡಿದಿಟ್ಟುಕೊಳ್ಳೋದ್ರಲ್ಲಿ ಇದಕ್ಕೆ ಸಾಟಿ ಇಲ್ಲ, ಅದಕ್ಕೇ ಆಳದ ಎರೆಯಲ್ಲಿ ಮುಂಗಾರಿಗೆ ಹೊಲ ಖಾಲಿ ಬಿಟ್ಟು ಬರೀ ಹರಗ್ತಾ (ಕುಂಟೆ ಹೊಡೆದು ಮೇಲ್ಮಣ್ಣು ಸಡಿಲಿಸ್ತಾ) ಇದ್ದು, ಸೆಪ್ಟೆಂಬರ್ ಅಕ್ಟೋಬರಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತಿ, ಮುಂದೆ ಹನಿ ಮಳೆ ಬರದಿದ್ರೂ ನೆಲದೊಳಗಿನ ಹಸಿಯಲ್ಲೇ ಬೆಳೆ ತೆಗೀತಾರೆ. ಎಂ 35-1 ಅನ್ನೋ ಹಳೇ ಜೋಳದ ತಳಿ ಇವತ್ತಿಗೂ ಬಿತ್ತೋದು ಸುಮ್ನೆ ಅಲ್ಲ. ಮಧ್ಯಮ ಆಳದ ಎರೆ ಆದ್ರೆ ಮುಂಗಾರಿಗೆ ಹೆಸರು, ಅದು ಕಿತ್ತ ಮೇಲೆ ಕಡಲೆ ಇಲ್ಲಾ ಜೋಳ, ಎರಡೂ ಆಗತ್ತೆ. ಹತ್ತಿ, ಮೆಣಸಿನಕಾಯಿ, ಕಲಬುರಗಿ ಕಡೆ ತೊಗರಿ, ಇವೆಲ್ಲಾ ಇದರ ಬೆಳೆಗಳೇ. ತೊಗರಿಗೆ ಮಾತ್ರ ನೀರು ನಿಂತ್ರೆ ಆಗಲ್ಲ, ಸಾಲಿನ ಮಧ್ಯೆ ಕಾಲುವೆ ಇರ್ಲಿ.

ಎರೆಯಲ್ಲಿ ಕೆಲಸ ಎಲ್ಲಾ ಹದದ ಮೇಲೆ. ಹಸಿ ಇದ್ದಾಗ ಟ್ರ್ಯಾಕ್ಟರ್ ಇಳಿಸಿದ್ರೆ ಹೆಂಟೆ ಕಲ್ಲಾಗತ್ತೆ, ಒಣಗಿದ ಮೇಲೆ ಹೋದ್ರೆ ನೇಗಿಲೇ ಇಳಿಯಲ್ಲ, ನಡುವೆ ಸಿಗೋ ದಿನ ಕೆಲವೇ. ವಿಜಯಪುರದ ಕಡೆ ಮಾಡೋ ಚೌಕು ಮಡಿ ಕಲೀರಿ, ಹೊಲನ ಸಣ್ಣ ಸಣ್ಣ ಚೌಕ ಮಾಡಿ ಮಳೆ ನೀರು ಅಲ್ಲಲ್ಲೇ ಇಂಗಿಸೋದು. ಬೆಳೆ ನಿಂತಾಗ ಎಡೆ ಹೊಡೀತಾ (ಸಾಲಿನ ಮಧ್ಯೆ ಕುಂಟೆ ಆಡಿಸ್ತಾ) ಇದ್ರೆ ಸೀಳು ಮುಚ್ಚಿ ತೇವ ಉಳಿಯತ್ತೆ. ಯೂರಿಯಾ ಮೇಲೆ ಎರಚಿ ಬಿಡಬೇಡಿ, ಪಿಎಚ್ ಜಾಸ್ತಿ ಇರೋದ್ರಿಂದ ಸಾಕಷ್ಟು ಗಾಳಿಗೆ ಹೋಗತ್ತೆ, ಮಣ್ಣಲ್ಲಿ ಮುಚ್ಚಿ.

ಏನು ಬೇಡ ಅಂತನೂ ಹೇಳ್ಬೇಕಲ್ಲ. ಸುಣ್ಣ ಇರೋ ಎರೆಯಲ್ಲಿ ಶೇಂಗಾ ಹಾಕಿದ್ರೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಬಿಳಿಚಿಕೊಳ್ಳತ್ತೆ, ಕೀಳೋವಾಗ ನೆಲ ಗಟ್ಟಿಯಾಗಿದ್ರೆ ಕಾಯಿ ಒಳಗೇ ಉಳಿಯತ್ತೆ. ದಾಳಿಂಬೆಗೆ ಆಳದ ಎರೆಗಿಂತ ಗರಸು ಮಿಶ್ರದ ಹಗುರ ನೆಲನೇ ವಾಸಿ. ಇನ್ನು ಬಯಲುಸೀಮೆಯಲ್ಲಿ ಈಗ ಎಲ್ಲೆಲ್ಲೂ ಅಡಿಕೆ ಕ್ರೇಜ್ ಅಲ್ವಾ, ಕೆಂಪು ಗೋಡಿನಲ್ಲಿ ನೀರಿದ್ರೆ ಬರತ್ತೆ ಸರಿ, ಗಟ್ಟಿ ಎರೆಯಲ್ಲಿ ಬಸಿಗಾಲುವೆ ತೆಗೀದೆ ಹಾಕಿದ್ರೆ ಬೇರು ಉಸಿರಾಡಲ್ಲ. ಸಸಿ ಮಾರೋನು ಇದನ್ನ ಹೇಳಲ್ಲ.

ಕೆಂಪು ಮಣ್ಣು. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ, ಮಂಡ್ಯ, ಮೈಸೂರು, ಚಿತ್ರದುರ್ಗ, ಗ್ರಾನೈಟ್ ಥರದ ಕಲ್ಲು ಸವೆದು ಆದ ಮಣ್ಣು. ಎರೆಗೆ ಪೂರ್ತಿ ವಿರುದ್ಧ: ನೀರು ಬೇಗ ಇಂಗತ್ತೆ ಬೇಗ ಹೋಗತ್ತೆ, ಸಾರಜನಕ ಮತ್ತು ಸಾವಯವ ಅಂಶ ಕಮ್ಮಿ, ಆದ್ರೆ ಕೆಲಸ ಮಾಡೋಕೆ ಬಲು ಸುಲಭ ಮತ್ತು ಗೊಬ್ಬರ ಕೊಟ್ಟರೆ ಕೂಡಲೇ ಕಾಣತ್ತೆ. ರಾಗಿ, ಅವರೆ, ಹುರುಳಿ, ಪಾವಗಡ ಚಳ್ಳಕೆರೆ ಕಡೆ ಶೇಂಗಾ, ಶ್ರೀನಿವಾಸಪುರದ ಮಾವು, ರಾಮನಗರ ಚಿಕ್ಕಬಳ್ಳಾಪುರದ ಹಿಪ್ಪುನೇರಳೆ, ಡ್ರಿಪ್ ಇದ್ರೆ ತರಕಾರಿ ಎಲ್ಲಾನೂ. ಗುಂಡಿಯಲ್ಲಿ ಅರ್ಧ ಮೀಟರಿಗೇ ಗರಸು ಸಿಕ್ಕಿದ್ರೆ ಹುರುಳಿ, ಸಾಮೆ, ನವಣೆ, ಹುಚ್ಚೆಳ್ಳು. ಮೀಟರ್ ದಾಟಿದ್ರೆ ಮಾವು, ಹಲಸು, ತೆಂಗಿನ ಯೋಚನೆ ಮಾಡಿ.

ಮಳೆಯಾಶ್ರಿತ ರಾಗಿಗೆ ಎಕರೆಗೆ 3 ಟನ್‌ನಷ್ಟು ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಅಕ್ಕಡಿ ಸಾಲು ಬಿಡಬೇಡಿ, 8 ಸಾಲು ರಾಗಿಗೆ 2 ಸಾಲು ತೊಗರಿ ಲೆಕ್ಕ ಚೆನ್ನಾಗಿ ಕೆಲಸ ಮಾಡತ್ತೆ, ಮಳೆ ರಾಗಿಗೆ ಕೈಕೊಟ್ರೂ ತೊಗರಿ ನಿಲ್ಲತ್ತೆ. ಬಿತ್ತಿದ ಕೂಡಲೇ ಜೋರು ಮಳೆ ಬಂದು ಬಿಸಿಲು ಬಿದ್ರೆ ಮೇಲೆ ಹೆಪ್ಪುಗಟ್ಟಿದಂಗೆ ಪದರ ಆಗಿ ಮೊಳಕೆ ಮೇಲೆ ಬರಲ್ಲ, ಹಗುರವಾಗಿ ಮುಳ್ಳುಕುಂಟೆ ಆಡಿಸಿ ಒಡೀಬೇಕು. ಶೇಂಗಾಕ್ಕೆ ಹೂ ಬಿಡೋ ಹೊತ್ತಿಗೆ ಎಕರೆಗೆ 200 ಕೆಜಿ ಜಿಪ್ಸಂ ಕೊಟ್ರೆ ಕಾಯಿ ತುಂಬತ್ತೆ.

ಬೇಸಿಗೆಯಲ್ಲಿ ಕೆರೆ ಹೂಳೆತ್ತಿದ್ರೆ ಆ ಕೆರೆಗೋಡು (ಜೇಡಿ ಜಾಸ್ತಿ ಇರೋ ಹೂಳು) ನಿಮ್ಮ ಹೊಲಕ್ಕೆ ಹೊಡೆಸ್ಕೊಳ್ಳಿ. ನಮ್ಮ ಹಿರಿಯರು ಗಾಡಿಯಲ್ಲಿ ಮಾಡ್ತಿದ್ದಿದ್ದು ಇದನ್ನೇ, ಹಗುರ ಕೆಂಪು ಮಣ್ಣಿಗೆ ಜೇಡಿ ಸೇರಿದ್ರೆ ತೇವ ಹಿಡಿಯೋ ಶಕ್ತಿ ವರ್ಷಗಟ್ಟಲೆ ಉಳಿಯತ್ತೆ. ಲೋಡಿಗೆ ಮುಂಚೆ ಆ ಗೋಡನ್ನೂ ಲೋಟದ ನೀರಿನ ಟೆಸ್ಟ್ ಮಾಡಿ, ಲ್ಯಾಬಲ್ಲಿ ಇಸಿನೂ ನೋಡಿಸಿ, ಸವಳು ಕೆರೆಯ ಗೋಡು ತಂದು ಹಾಕಿಕೊಂಡ್ರೆ ತೆಗೆಯೋಕಾಗಲ್ಲ.

ಜಂಬಿಟ್ಟಿಗೆ ಮಣ್ಣು. ಕರಾವಳಿ, ಮಲೆನಾಡು. ಬುಕಾನನ್ ಅನ್ನೋ ಸ್ಕಾಟ್ಲೆಂಡಿನವರು 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸದ ವರದಿಯಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟಿದ್ದು ಇದಕ್ಕೇ, ಮಲಬಾರಿನಲ್ಲಿ ಇದನ್ನ ಇಟ್ಟಿಗೆ ಥರ ಕಡಿದು ಮನೆ ಕಟ್ಟೋದನ್ನ ಅವರು ನೋಡಿದ್ರು. ನಮ್ಮ ಮುರಕಲ್ಲು ಅದೇ. ವರ್ಷಕ್ಕೆ 3000 ಮಿಲಿಮೀಟರ್ ದಾಟೋ ಮಳೆ ಸುಣ್ಣ, ಪೊಟ್ಯಾಷ್ ಎಲ್ಲಾ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಸಿರತ್ತೆ, ಹಾಗಾಗಿ ಮಣ್ಣು ಹುಳಿ. ಹಾಕಿದ ರಂಜಕನ ಆ ಕಬ್ಬಿಣ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡಲ್ಲ. ಇಲ್ಲಿ ಡಿಎಪಿಗಿಂತ ರಾಕ್ ಫಾಸ್ಫೇಟ್ ವಾಸಿ, ಹುಳಿ ಮಣ್ಣಲ್ಲಿ ಅದು ನಿಧಾನಕ್ಕೆ ಕರಗತ್ತೆ, ಎರೆ ನೆಲದಲ್ಲಿ ಅದೇ ರಾಕ್ ಫಾಸ್ಫೇಟ್ ಹಾಕಿದ್ರೆ ದಂಡ. ಕೃಷಿ ಸುಣ್ಣ ಇಲ್ಲಾ ಡೋಲೋಮೈಟ್ ಎಷ್ಟು ಅನ್ನೋದನ್ನ ರಿಪೋರ್ಟ್ ನೋಡಿ ಹಾಕಿ, ಅದಕ್ಕೂ ರಸಗೊಬ್ಬರಕ್ಕೂ ಮಧ್ಯೆ ಮೂರ್ನಾಲ್ಕು ವಾರ ಗ್ಯಾಪ್ ಇರ್ಲಿ.

ಬೆಟ್ಟಿನಲ್ಲಿ ಗೇರು, ಗಟ್ಟಿ ಮುರ ಇದ್ರೆ ಗುಂಡಿ ದೊಡ್ಡದು ಮಾಡಿ ಮೇಲ್ಮಣ್ಣು, ಗೊಬ್ಬರ ತುಂಬಿ ನೆಡಿ (ಪುತ್ತೂರಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ, ತಳಿ ಅಲ್ಲೇ ವಿಚಾರಿಸಿ). ಮಜಲಿನಲ್ಲಿ ಅಡಿಕೆ, ತೆಂಗು, ಅದಕ್ಕೆ ಕಾಳುಮೆಣಸು. ಬೈಲಿನಲ್ಲಿ ಭತ್ತ, ಏಣಿಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೀತಿದ್ದ ಗದ್ದೆಗಳು ಅವು. ಬೈಲಿಗೆ ಮಣ್ಣು ತುಂಬಿಸಿ ಅಡಿಕೆ ಹಾಕೋರು ಬಸಿಗಾಲುವೆಗೆ ಮೊದಲು ದುಡ್ಡು ಎತ್ತಿಡಿ. ಕಾಫಿಗೆ ಕೊಡಗು, ಚಿಕ್ಕಮಗಳೂರಿನ ಎಲೆಗೊಬ್ಬರ ಸೇರಿದ ಕಾಡು ಮಣ್ಣು, ಪಿಎಚ್ 6ರ ಮೇಲಿದ್ರೆ ಚೆಂದ.

ಮೆಕ್ಕಲು, ಗಜನಿ. ನದಿ ದಡದ ಮೆಕ್ಕಲಿನ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ನೆರೆ ಬರೋ ಅಂದಾಜು ಇದ್ರೆ ಅಲ್ಲಿ ಏನು ಬೇಕಾದ್ರೂ ಬರತ್ತೆ. ವಿಶೇಷ ಇರೋದು ಕುಮಟಾ ಕಡೆ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆ, ಸಮುದ್ರದ ಉಪ್ಪು ನೀರು ಬರೋ ಜಾಗ. ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ, ಉಪ್ಪೂ ತಡೆಯತ್ತೆ, ನೀರಲ್ಲಿ ಮುಳುಗಿದ್ರೂ ತಡೆಯತ್ತೆ. ಬೇರೆ ಹೈಬ್ರಿಡ್ ತಂದು ಅಲ್ಲಿ ಪ್ರಯೋಗ ಮಾಡೋದು ಬೇಡ.

ಸವಳು. ಗಂಗಾವತಿ, ಸಿಂಧನೂರಿನ ಕಾಲುವೆ ಕೊನೆ, ಅಥಣಿ, ಮುಧೋಳ, ಜಮಖಂಡಿಯ ಕಬ್ಬಿನ ನೆಲ. ಹುಟ್ಟಾ ಹೀಗಿರಲಿಲ್ಲ, ಎರೆ ನೆಲಕ್ಕೆ ವರ್ಷಪೂರ್ತಿ ನೀರು ಬಿಟ್ಟು ಬಿಟ್ಟು ಕೆಳಗಿನ ನೀರು ಮೇಲೆ ಬಂತು, ಜೊತೆಗೆ ಉಪ್ಪನ್ನೂ ತಂತು, ನೀರು ಆವಿಯಾಯ್ತು ಉಪ್ಪು ಉಳೀತು. ಔಷಧಿ ಕೊಡೋ ಮುಂಚೆ ಯಾವ ಕಾಯಿಲೆ ಅಂತ ತಿಳ್ಕೊಳ್ಳಿ. ಬಿಳಿ ಉಪ್ಪು, ಪಿಎಚ್ 8.5ರ ಒಳಗೆ, ಇಸಿ ಜಾಸ್ತಿ ಇದ್ರೆ ಅದಕ್ಕೆ ಬೇಕಿರೋದು ಒಳ್ಳೇ ನೀರು ಕಟ್ಟಿ ಉಪ್ಪು ತೊಳೆಯೋದು, ತೊಳೆದ ನೀರು ಆಚೆ ಹೋಗೋಕೆ ಬಸಿಗಾಲುವೆ. ಜಿಪ್ಸಂ ಇಲ್ಲಿ ಕೆಲಸಕ್ಕೆ ಬರಲ್ಲ. ಪಿಎಚ್ 8.5 ದಾಟಿ, ಲೋಟದಲ್ಲಿ ಬಿಳಿ ಮೋಡ ಬಂದಿದ್ರೆ ಅಲ್ಲಿ ಜಿಪ್ಸಂ, ಆಮೇಲೆ ಡಯಂಚ ಅನ್ನೋ ಹಸಿರು ಗೊಬ್ಬರದ ಗಿಡ ಬೆಳೆದು ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸೋದು. ಎರಡರಲ್ಲೂ ಬಸಿಗಾಲುವೆ ಇಲ್ದೆ ಏನು ಸುರಿದ್ರೂ ವೇಸ್ಟ್. ಅಲ್ಲಿವರೆಗೆ ಭತ್ತ, ಹತ್ತಿ, ತಕ್ಕಮಟ್ಟಿಗೆ ಸಪೋಟ ತಡೀತವೆ. ಹೆಸರು, ಕಡಲೆ, ಬೀನ್ಸ್ ಹಾಕಬೇಡಿ. ಭತ್ತದ ಎಲೆ ಮೇಲೆ ತುಕ್ಕಿನ ಬಣ್ಣ ಬಂದು ಬೆಳವಣಿಗೆ ನಿಂತ್ರೆ ರೋಗ ಅಂತ ಸ್ಪ್ರೇ ಮಾಡೋ ಮುಂಚೆ ಸತುವಿನ ಕೊರತೆ ಇರಬಹುದಾ ಅಂತ ವಿಚಾರಿಸಿ.

ಸ್ಟೆಪ್ 7: ತೋಟಕ್ಕೆ ಆರ್ಡರ್ ಕೊಡೋ ಮುಂಚೆ

ಬೋರ್ ನೀರನ್ನೂ ಅದೇ ಲ್ಯಾಬಿಗೆ ಕೊಡಿ. ಮಣ್ಣು ಬಂಗಾರದಂಥದ್ದಿದ್ರೂ ನೀರು ಸವಳಾಗಿದ್ರೆ ಡ್ರಿಪ್ಪಿನ ಸುತ್ತ ಉಪ್ಪು ಕೂತ್ಕೊಂಡು ಕೆಲವೇ ವರ್ಷದಲ್ಲಿ ಮಣ್ಣು ಹಾಳಾಗತ್ತೆ. ಮೊದಲನೇ ವರ್ಷ ಇಡೀ ಜಮೀನಿಗೆ ಆ ನೆಲದ ಮಾಮೂಲಿ ಬೆಳೆ ಹಾಕಿ, ಎರೆಯಲ್ಲಿ ಕಡಲೆ, ಕೆಂಪಿನಲ್ಲಿ ರಾಗಿ ಜೊತೆ ಅವರೆ. ಬೆಳೆ ಎಲ್ಲಿ ಚೆನ್ನಾಗಿ ಎದ್ದು ಬಂತು, ಎಲ್ಲಿ ಕುಳ್ಳಗೇ ನಿಂತ್ಕೊಂತು ಅಂತ ಫೋನಲ್ಲಿ ಫೋಟೋ ತೆಗೆದು ಹೊಲದ ಮ್ಯಾಪ್ ಥರ ಗುರುತು ಹಾಕಿ ಇಟ್ಕೊಳ್ಳಿ. ಕುಳ್ಳಗೆ ನಿಂತ ಜಾಗದಲ್ಲಿ ಇನ್ನೊಂದು ಗುಂಡಿ ತೋಡಿ, ಕಾರಣ ಸಿಕ್ಕ ಮೇಲೆ ನರ್ಸರಿಗೆ ಅಡ್ವಾನ್ಸ್ ಕೊಡಿ.